ಬೈಯುವುದಕ್ಕೊಬ್ಬರು ಬೇಕು

ಮಳೆ ಹೊಳವಾಗಿತ್ತು, ರಸ್ತೆಯ ಹೊಂಡ ಆಗಿರಲಿಲ್ಲ. ಶೃಂಗೇರಿಯಲ್ಲೊಂದು ಉಪನಯನಕ್ಕೆಂದು ಬಿಳಿ ಪಂಚೆ ಉಟ್ಟು ಕೊಪ್ಪದ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಭರ್ರೆಂದು ಲಾರಿಯೊಂದು ಹೋಯಿತು. ಮಂಡಿಯಿಂದ ಕೆಳಗೆ ಪಂಚೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಡ್ರೈವರನ್ನು ಬೈಯೋಣವೆಂದರೆ ಅವನು ಆಗಲೇ ತಿರುವು ದಾಟಿದ್ದ. ಉಳಿದದ್ದು ರಸ್ತೆ. ಬೈಯುವ ಮುಂಚೆ ಅದು ಯಾರದೆಂದು ತಿಳಿಯಬೇಡವೆ?

ಸಾಮಾನ್ಯ ರಸ್ತೆಯಲ್ಲ ಅದು. ಪಕ್ಕದ ಮೈಲುಗಲ್ಲಿನ ಮೇಲೆ ಕೊಡೆ ಊರಿ ಕುಳಿತಿದ್ದ ಅಜ್ಜಿ ಸ್ವಲ್ಪ ಸರಿದಾಗ ಕಲ್ಲಿನ ಹಳದಿ ತಲೆ ಕಂಡಿತು. ಹಳದಿ ಇದ್ದರೆ ರಾಷ್ಟ್ರದ್ದು, ಹಸಿರಿದ್ದರೆ ರಾಜ್ಯದ್ದು, ಕಿತ್ತಳೆ ಗ್ರಾಮ ಸಡಕಿನದು. ರಾಷ್ಟ್ರ, ರಾಜ್ಯ, ಜಿಲ್ಲೆ, ಹಳ್ಳಿ ಎಂದು ರಸ್ತೆಗಳಿಗೂ ಪಂಕ್ತಿ ಹಾಕಿದ್ದು ಸ್ವಾತಂತ್ರ್ಯಕ್ಕೂ ಮುಂಚೆ, 1943ರ ನಾಗಪುರ ಯೋಜನೆಯಲ್ಲಿ. ಪಂಕ್ತಿಯ ಮೊದಲ ಎಲೆ ನಮ್ಮ ರಸ್ತೆಯದು. ಬಡಿಸುವವರು ಮಾತ್ರ ಎಲ್ಲೋ ನಿಂತುಬಿಟ್ಟಿದ್ದಾರೆ.

ಮೊದಲು ಇದು 13ನೇ ನಂಬರು, ಸೊಲ್ಲಾಪುರದಿಂದ ಮಂಗಳೂರಿಗೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಾಮಕರಣವಾಯಿತು. ಉತ್ತರ-ದಕ್ಷಿಣ ಹೋಗುವವಕ್ಕೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದ ಹಾಗೆ ಏರಿಕೆ. ಅದಕ್ಕೇ ನಮ್ಮ ಕರಾವಳಿಯದು 66. ಪೂರ್ವ-ಪಶ್ಚಿಮದವಕ್ಕೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರಿಕೆ. ಮೂರಂಕಿ ಕಂಡರೆ ಅದು ಕವಲು, ಕೊನೆಯ ಎರಡಂಕಿ ಮೂಲದ್ದು. ಹೊನ್ನಾವರದಿಂದ ಶಿವಮೊಗ್ಗದ ಮೇಲೆ ಹೋಗುವ 69 ಅಪ್ಪ. ಶಿವಮೊಗ್ಗದಲ್ಲಿ ಕವಲೊಡೆದು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕಾರ್ಕಳದ ಮೇಲೆ ಮಂಗಳೂರಿಗಿಳಿಯುವ ನಮ್ಮ 169 ಮಗ. ತೀರ್ಥಹಳ್ಳಿಯಲ್ಲಿ ಬೇರೆಯಾಗಿ ಆಗುಂಬೆ ಘಾಟಿಯಿಳಿದು ಮಲ್ಪೆಗೆ ಹೋಗುವ 169ಎ ಮೊಮ್ಮಗ. ವಂಶಾವಳಿ ಶುದ್ಧವಾಗಿದೆ, ನಮ್ಮ ಕಡೆ ಹೆಣ್ಣು ಕೊಡುವವರೂ ಅಷ್ಟೇ ನೋಡುವುದು.

ಆದರೆ ನನಗೆ ಬೇಕಾದದ್ದು ಯಜಮಾನರು. 1956ರ ಕಾಯಿದೆಯ ಪ್ರಕಾರ ರಸ್ತೆಯೊಂದನ್ನು ರಾಷ್ಟ್ರೀಯ ಹೆದ್ದಾರಿಯೆಂದು ಘೋಷಿಸುವುದು ಕೇಂದ್ರ ಸರ್ಕಾರ. ಹೆದ್ದಾರಿ ಪ್ರಾಧಿಕಾರಕ್ಕೆ 1988ರಲ್ಲಿ ಕಾಯಿದೆಯಾಯಿತು, ಅದು ಕೆಲಸ ಶುರುಮಾಡಿದ್ದು 1995ರಲ್ಲಿ. ಹಾಗೆಂದು ಎಲ್ಲ ಹೆದ್ದಾರಿಯೂ ಅದರ ಮಡಿಲಲ್ಲಿಲ್ಲ; ಎಷ್ಟೋ ಕಡೆ ದುಡ್ಡು ದೆಹಲಿಯದು, ಕೆಲಸ ರಾಜ್ಯದ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗದ್ದು. ಶೃಂಗೇರಿ ದಾಟಿ ತನಿಕೋಡು ಗೇಟಿಗೆ ಬಂದರೆ ಮುಂದೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಒಂದು ಮರದ ಕೊಂಬೆಯನ್ನೂ ಕಡಿಯುವಂತಿಲ್ಲ. ಊರೊಳಗಿನ ಚರಂಡಿಯ ಮಾತೆತ್ತಿದರೆ ಪಟ್ಟಣ ಪಂಚಾಯಿತಿ. ಒಂದು ಪಂಚೆಗೆ ಇಷ್ಟು ಕಚೇರಿ!

ಬಸ್ಸಿನ ವಿಷಯದಲ್ಲಿ ನಮಗೆ ಈ ಕಷ್ಟ ಇರಲಿಲ್ಲ. ಕೊಪ್ಪದ ಸಹಕಾರ ಸಾರಿಗೆ 1991ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಂಸ್ಥೆ. ಬಸ್ಸು ತಡವಾದರೆ ಕಂಡಕ್ಟರನ್ನು ಬೈದರಾಯಿತು, ಮಾಲೀಕರನ್ನು ಬೈದಂತೆಯೇ. 2020ರಲ್ಲಿ ಅದು ನಿಂತಾಗ ಬಸ್ಸು ಹೋದದ್ದಕ್ಕಿಂತ ಬೈಸಿಕೊಳ್ಳುವ ಆ ನಗುಮುಖ ಹೋಯಿತಲ್ಲ ಎಂದು ಬೇಜಾರಾಯಿತು.

ನರಸಿಂಹರಾಜಪುರದ ನಮ್ಮ ಭಾವನಿಗೆ ತಮ್ಮೂರನ್ನು 169 ಮುಟ್ಟಿಲ್ಲವೆಂಬ ಕೊರಗು. ಹಿಂದೆ ಎಡೇಹಳ್ಳಿಯಾಗಿದ್ದ ಊರಿಗೆ ಮೈಸೂರಿನ ಯುವರಾಜರ ಹೆಸರು ಬಂತು, ತರೀಕೆರೆಯಿಂದ ಪುಟ್ಟ ರೈಲೂ ಬಂದಿತ್ತು. ಈಗ ರೈಲೂ ಇಲ್ಲ, ಹೆದ್ದಾರಿಯೂ ಇಲ್ಲ, ಭದ್ರಾ ಹಿನ್ನೀರು ಮಾತ್ರ ಇದೆ ಎನ್ನುತ್ತಾನೆ. ನಾನು ಸಮಾಧಾನ ಹೇಳಿದೆ: "ಭಾವ, ರಸ್ತೆಗೆ ಪದವಿ ಏರಿದಷ್ಟೂ ಬೈಯಬೇಕಾದವರು ದೂರ ಹೋಗುತ್ತಾರೆ. ನಿಮ್ಮ ಬೈಗುಳ ಬೆಂಗಳೂರಿಗೆ ಹೋದರೆ ಸಾಕು, ನಮ್ಮದು ದೆಹಲಿಗೆ ಹೋಗಬೇಕು."

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಅನುಕೂಲ ನಮ್ಮ ಮನೆ ಮುಂದಿನ ಪಂಚಾಯಿತಿ ರಸ್ತೆ. ನಂಬರಿಲ್ಲ, ಹಳದಿ ಕಲ್ಲಿಲ್ಲ. ಮೆಂಬರು ಮಾತ್ರ ಪಕ್ಕದ ಮನೆಯವರು. ಮೊನ್ನೆ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟವರನ್ನು ತಡೆದು, ಹೊಂಡದ ವಿಷಯ ಗಟ್ಟಿಯಾಗಿಯೇ ಕೇಳಿದೆ. ಅವರು ಹಾಲಿನ ಕ್ಯಾನು ಕೆಳಗಿಟ್ಟು, "ಮಣ್ಣು ಹಾಕಿಸೋಣ ಮಾರಾಯ್ರೆ, ಮೊದಲು ನಿಮ್ಮ ಬೇಲಿ ಎರಡಡಿ ಹಿಂದಕ್ಕೆ ತಗೊಳ್ಳಿ" ಎಂದರು. ದೆಹಲಿಯವರಾಗಿದ್ದರೆ ಬೇಲಿ ಕಾಣುತ್ತಿರಲಿಲ್ಲ.