ಮಾವನ ಪೋರ್ಟಬಲ್ಲು

1981ರಲ್ಲಿ ಕಂಪ್ಯೂಟರಿಗೊಂದು ಹಿಡಿ ಜೋಡಿಸಿದರೆ ಸಾಕಿತ್ತು, ಅದು ಪೋರ್ಟಬಲ್ ಆಗಿಬಿಡುತ್ತಿತ್ತು. ಎತ್ತುವವನ ಸೊಂಟದ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಂಪ್ಯೂಟರ್ ಮೇಳದಲ್ಲಿ ಜನರೆದುರು ಬಂದ ಆಸ್ಬೋರ್ನ್ 1 ಎಂಬ ಪೋರ್ಟಬಲ್ಲಿನ ತೂಕ ಸುಮಾರು 11 ಕಿಲೋ. ಒಳಗೆ ಬ್ಯಾಟರಿ ಇಲ್ಲ. ಹೊತ್ತುಕೊಂಡು ಎಲ್ಲಿಗೆ ಹೋದರೂ ಮೊದಲು ಪ್ಲಗ್ ಪಾಯಿಂಟ್ ಹುಡುಕಬೇಕು. ಐದಿಂಚಿನ ಪರದೆ, ಅದರ ಎಡಬಲಕ್ಕೆ ಎರಡು ಫ್ಲಾಪಿ ಡ್ರೈವ್, 64 ಕೆಬಿ ಮೆಮೊರಿ, ಮುಚ್ಚಳದ ಕೆಲಸವನ್ನೂ ಮಾಡುವ ಕೀಬೋರ್ಡು. ವಿಮಾನದ ಸೀಟಿನ ಕೆಳಗೆ ಹಿಡಿಸುತ್ತದೆ ಎಂಬುದು ಅದರ ದೊಡ್ಡ ಹೆಗ್ಗಳಿಕೆ. ಅಲ್ಲಿ ಅದನ್ನಿಟ್ಟ ಮೇಲೆ ಕಾಲು ಎಲ್ಲಿಡಬೇಕೆಂದು ಯಾರೂ ಹೇಳಿದಂತಿಲ್ಲ.

ನನ್ನ ಸೋದರಮಾವ ಇದನ್ನು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1,795 ಡಾಲರ್ ಕೊಟ್ಟು ಕೊಂಡರು. ಡಾಲರಿಗೆ ಹತ್ತು ರೂಪಾಯಿಯೂ ಇಲ್ಲದ ಕಾಲ. ಆದರೂ ಹತ್ತಿರಹತ್ತಿರ 17,000 ರೂಪಾಯಿ. ಆ ದುಡ್ಡಿಗೆ ಊರಲ್ಲಿ ಏನೇನು ಬರುತ್ತಿತ್ತು ಎಂಬುದನ್ನು ನನ್ನ ಅಪ್ಪ ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಮಾವ ಅಮೆರಿಕ ಸಾಕೆಂದು ಸಾಗರದ ಅಡಿಕೆ ತೋಟಕ್ಕೆ ಮರಳಿದಾಗ ಯಂತ್ರವೂ ಜೊತೆಗೆ ಬಂತು. ಅದರ ಬೆನ್ನಿಗೆ 230 ವೋಲ್ಟನ್ನು 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಂತು, ಅದಕ್ಕೂ ಹಿಡಿ ಇತ್ತು. ಕೆಲಕಾಲ ತೋಟದ ಲೆಕ್ಕ ಬರೆದರು. ಆಮೇಲೆ ಎರಡೂ ಅಟ್ಟ ಸೇರಿದವು.

ಈಚೆಗೆ ಹಳೇ ಮನೆಯ ಹೆಂಚು ಇಳಿಸುವಾಗ ಅವೂ ಇಳಿದವು. ಮಾವ ರಾತ್ರಿ ರೈಲಿನಲ್ಲಿ ಎರಡನ್ನೂ ಬೆಂಗಳೂರಿಗೆ, ಅಂದರೆ ನಮ್ಮನೆಗೆ, ತಂದರು. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು ಎಂಬ ಒಂದೇ ಕಾರಣಕ್ಕೆ ಬಂಧುಬಳಗದ ಮಿಕ್ಸಿ, ಇನ್ವರ್ಟರ್, ಮಾತಾಡದ ಕಾಲಿಂಗ್ ಬೆಲ್ ಎಲ್ಲವೂ ನನ್ನ ಮೇಜಿಗೇ ಬರುವುದು. ಗೇಟಿನ ಹತ್ತಿರ ಇಳಿಸಿಕೊಡುತ್ತ ಆಟೋದವರು, “ಹೊಲಿಗೆ ಮಿಷನ್ನಾ ಯಜಮಾನ್ರೇ? ಯಾವ ಕಂಪನೀದು?” ಎಂದರು. ಮಾವ ಚಿಲ್ಲರೆ ವಾಪಸು ಇಸಿದುಕೊಂಡರು.

“ಹಾಳೇನೂ ಆಗಿಲ್ಲ ಮಾರಾಯ. ಸುಮ್ಮನೆ ಕೂತಿದೆ ಅಷ್ಟೆ. ನೋಡು ಸ್ವಲ್ಪ” ಎಂದರು ಮಾವ.

“ಗುಜರಿಯವನು ಈಗಷ್ಟೇ ಆಚೆ ಬೀದಿಗೆ ಹೋದ. ಕೂಗಿದರೆ ಬರ್ತಾನೆ” ಎಂದರು ಅಪ್ಪ, ಪೇಪರಿನಿಂದ ತಲೆಯೆತ್ತದೆ.

“ರಿಪೇರಿ ಆದ ಮೇಲೆ ಇದು ಏನು ಮಾಡುತ್ತೇರೀ?” ಎಂದಳು ಹೆಂಡತಿ.

ಮೂರರಲ್ಲಿ ಕಷ್ಟದ್ದು ಕೊನೆಯದು. ನಿಜ ಹೇಳಬೇಕೆಂದರೆ ಏನೂ ಮಾಡುವುದಿಲ್ಲ. ಅದರ ಒಂದು ಫ್ಲಾಪಿಯಲ್ಲಿ ಹಿಡಿಸುವುದು 90 ಕೆಬಿ ಚಿಲ್ಲರೆ. ಚಿಕ್ಕಮ್ಮ ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯಕ್ಕೂ ಸಾಲದು. ಆದರೆ ಇಂಥ ರಿಪೇರಿಯ ರುಚಿ ಹತ್ತಿದವರಿಗೆ ಯಂತ್ರದ ಉಪಯೋಗ ಅಷ್ಟು ಮುಖ್ಯವಲ್ಲ. ಅದು ಯಾಕೆ ಓಡುತ್ತಿಲ್ಲ ಎಂಬುದೇ ಮುಖ್ಯ. ಓಡತೊಡಗಿದ ಮೇಲೆ ನಿಜಕ್ಕೂ ಸ್ವಲ್ಪ ಬೇಜಾರಾಗುತ್ತದೆ. ಇದನ್ನು ಹೆಂಡತಿಗೆ ವಿವರಿಸುವ ಧೈರ್ಯ ನನಗಿಲ್ಲವಾದ್ದರಿಂದ “ನೋಡೋಣ” ಎಂದೆ.

ಪಿಕ್ಚರ್ ಟ್ಯೂಬ್ ಇರುವ ಯಂತ್ರವನ್ನು ಒಬ್ಬನೇ ಬಿಚ್ಚಬಾರದು. ಒಳಗೆ ಸಾವಿರಾರು ವೋಲ್ಟ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಅಲ್ಲೇ ಉಳಿದಿರುತ್ತದೆ. ನಮ್ಮ ಬೀದಿಯ ಟಿವಿ ರಿಪೇರಿಯವರನ್ನು ಕರೆದೆ. ಡಬ್ಬಾ ಟಿವಿಗಳ ಕಾಲ ಮುಗಿದ ಮೇಲೆ ಅವರು ಮೊಬೈಲಿನ ಗಾಜು ಬದಲಿಸಿಕೊಂಡು ದಿನ ದೂಡುತ್ತಿದ್ದಾರೆ. ಕವಚ ಕಳಚಿ ಟ್ಯೂಬಿನ ಬೆನ್ನು ಕಂಡದ್ದೇ ತಡ, ಅವರ ಮುಖ ಅರಳಿತು. “ಎಷ್ಟು ವರ್ಷ ಆಯ್ತು ಸಾರ್ ಇಎಚ್‌ಟಿ ಮುಟ್ಟಿ!” ಎಂದು ಟ್ಯೂಬನ್ನು ಡಿಸ್ಚಾರ್ಜ್ ಮಾಡಿದರು. ಇಎಚ್‌ಟಿ ಎಂದರೆ ಆ ಸಾವಿರಾರು ವೋಲ್ಟಿನ ಭಾಗ. ನನಗೆ ಮಾತ್ರ “ಒಂದು ಕೈ ಜೇಬಲ್ಲೇ ಇರಲಿ ಸಾರ್” ಎಂದು ತಾಕೀತು. ಎರಡೂ ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕವೇ ದಾಟುತ್ತದೆ. ಪಾಲಿಟೆಕ್ನಿಕ್ಕಿನ ಪಾಠಗಳಲ್ಲಿ ನೆನಪಿಡಬೇಕಾದ್ದು ಇದೊಂದೇ ಎನ್ನಬಹುದು.

ಒಳಗೆ ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ. ಎಲ್ಲವೂ ಸ್ಕ್ರೂ. ಅಂಟು ಹಾಕಿ ಮುಚ್ಚಿದ್ದು ಒಂದೂ ಇಲ್ಲ. ಚಿಪ್‌ಗಳ ಮೇಲೆ ನಂಬರ್ ಓದಬಹುದು, ಬೆರಳಿಗೆ ಜಾಗ ಇದೆ. ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರ್ ಇದರ ವಿನ್ಯಾಸಕ. ಅಂಗಡಿಯಲ್ಲಿ ಸಲೀಸಾಗಿ ಸಿಗುವ ಬಿಡಿಭಾಗಗಳನ್ನೇ ಸೇರಿಸಿ ಮಾಡಿದ್ದಾರೆ. ನನ್ನ ಈಗಿನ ಲ್ಯಾಪ್‌ಟಾಪ್ ಒಂದು ಕಿಲೋ ಚಿಲ್ಲರೆ ತೂಗುತ್ತದೆ, ಬಿಚ್ಚಲು ಹೋದರೆ ಬ್ಯಾಟರಿಯೇ ಅಂಟಿನಲ್ಲಿ ಕೂತಿದೆ. ಎರಡರಲ್ಲಿ ಯಾವುದು ಮುಂದುವರಿದದ್ದು ಎಂದು ನನ್ನನ್ನು ಕೇಳಿದರೆ ನಾನು 11 ಕಿಲೋ ಪಕ್ಷ.

ಧೂಳು ಹೊಡೆಯುವಾಗಲೇ ಟಿವಿ ರಿಪೇರಿಯವರ ಕಣ್ಣು ಪವರ್ ಸಪ್ಲೈನ ಒಂದು ಹಳದಿ ಕಂಡೆನ್ಸರ್ ಮೇಲೆ ಬಿತ್ತು. ಮೈತುಂಬ ಕೂದಲೆಳೆಯ ಬಿರುಕು. ಈ ಜಾತಿಯ ಕಂಡೆನ್ಸರ್ ಒಳಗೆ ಲೋಹ ಬಳಿದ ಕಾಗದದ ಸುರುಳಿ ಇರುತ್ತದೆ. ವರ್ಷಗಳು ಕಳೆದಂತೆ ಹೊರಕವಚ ಬಿರಿದು ಗಾಳಿಯ ತೇವ ಒಳಗಿಳಿಯುತ್ತದೆ. ಸಾಗರದ ಅಟ್ಟದಲ್ಲಿ ಮಳೆಗಾಲ ಕಳೆದ ಕಾಗದ ಎಷ್ಟು ತೇವ ಕುಡಿದಿರಬಹುದು ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ. “ಇದನ್ನ ತೆಗೆದುಬಿಡೋಣ ಸಾರ್” ಎಂದರು ಅವರು. ನಾನೂ ಹೂಂ ಎಂದೆ.

“ಇರುವ ಸಾಮಾನು ಕೀಳುವುದು ಯಾವ ಸೀಮೆ ರಿಪೇರಿ?” ಎಂದರು ಮಾವ. ಹಿರಿಯರು. ಕೀಳಲಿಲ್ಲ.

ಮೊದಲು ಸೀರೀಸ್ ಬೋರ್ಡಿಗೆ 100 ವಾಟಿನ ಬಲ್ಬ್ ಸಿಕ್ಕಿಸಿ, ಅದರ ಮೂಲಕ ಕರೆಂಟು ಕೊಟ್ಟೆವು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಶುಭ ಸೂಚನೆ. ಆಮೇಲೆ ಬಲ್ಬು ತೆಗೆದು ಟ್ರಾನ್ಸ್‌ಫಾರ್ಮರಿನಿಂದ ನೇರ ಕೊಟ್ಟೆವು. ಐದಿಂಚಿನ ಪರದೆ ಬೆಳಗಿ, ‘ಡ್ರೈವ್ ಎ ಒಳಗೆ ಡಿಸ್ಕ್ ಹಾಕಿ ರಿಟರ್ನ್ ಒತ್ತಿ’ ಎಂದು ಇಂಗ್ಲಿಷಿನಲ್ಲಿ ಕೇಳಿತು. ಮಾವ ನಮ್ಮಿಬ್ಬರನ್ನೂ ನೋಡಿದ ನೋಟ ಈಗಲೂ ಕಣ್ಣಮುಂದಿದೆ. ಕಾಫಿ ಬಂತು. ಕಾಫಿ ಮುಗಿಯುವ ಮೊದಲೇ ‘ಢಂ’ ಎಂದಿತು.

ಬಿಳಿ ಹೊಗೆ ಇಡೀ ಹಾಲ್ ತುಂಬಿತು. ಆ ವಾಸನೆ ಕಿಟಕಿಯ ಪರದೆಗಳಲ್ಲಿ ಬಹಳ ದಿನ ಇತ್ತು. ಹೆಂಡತಿ ಅಡುಗೆಮನೆಯಿಂದ ಗ್ಯಾಸ್ ಆರಿಸಿ ಬಂದಳು, ಮೇಲಿನ ಮನೆಯವರು ಇಳಿದು ಬಂದರು, ಎದುರುಮನೆಯವರು ಚಪ್ಪಲಿ ಹಾಕದೇ ಬಂದರು. ಸಿಡಿದದ್ದು ಅದೇ ಹಳದಿ ಕಂಡೆನ್ಸರ್. ಅದು ಇರುವುದೇ ಯಂತ್ರದ ಗಲಾಟೆ ವೈರಿನ ಮೂಲಕ ಹೊರಹೋಗಿ ನೆರೆಹೊರೆಯವರ ರೇಡಿಯೋ, ಟಿವಿಗೆ ತೊಂದರೆ ಕೊಡದಿರಲಿ ಎಂದು. ಅದು ನೆರೆಹೊರೆಯವರನ್ನೆಲ್ಲ ಮನೆಗೇ ಕರೆಸಿತು. ತಮಾಷೆಯೆಂದರೆ, ಹೊಗೆಯ ನಡುವೆ ಪರದೆ ಮಾತ್ರ ಒಂದಿಷ್ಟೂ ವಿಚಲಿತವಾಗದೆ ಡಿಸ್ಕ್ ಹಾಕಿ ಎನ್ನುತ್ತಲೇ ಇತ್ತು. ಆ ಕಂಡೆನ್ಸರ್ ಇಲ್ಲದೆಯೂ ಯಂತ್ರ ಓಡುತ್ತದೆ!

“ಗುಜರಿ” ಎಂದರು ಅಪ್ಪ.

ಮರುದಿನ ಹೊಸ ಕಂಡೆನ್ಸರಿಗಾಗಿ ಬಿಡಿಭಾಗಗಳ ಬೀದಿಯಾದ ಎಸ್.ಪಿ. ರೋಡಿಗೆ ಹೋದೆ. ಮಾವನೂ ಹೊರಟರು. ಕಂಡೆನ್ಸರ್ ಎಂದೊಡನೆ ಅಂಗಡಿಯ ಹುಡುಗ “ಫ್ಯಾನಿಂದಾ ಸಾರ್? ಎರಡೂವರೆ?” ಎನ್ನುತ್ತಾನೆ. ಬೆಂಗಳೂರಿನಲ್ಲಿ ತಿರುಗದ ಫ್ಯಾನುಗಳು ಎಷ್ಟಿವೆ ಎಂಬುದು ಇದರಿಂದ ಗೊತ್ತಾಗುತ್ತದೆ. ‘ಎಕ್ಸ್-2 ದರ್ಜೆ, ಪಾಯಿಂಟ್ ಒನ್ ಮೈಕ್ರೋಫ್ಯಾರಡ್, 275 ವೋಲ್ಟ್’ ಎಂದು ಮಂತ್ರ ಹೇಳಿದ ಮೇಲೆ ಒಳಗಿನ ಡಬ್ಬಿ ತೆರೆಯಿತು. ಈಗಿನವು ಪ್ಲಾಸ್ಟಿಕ್ ಫಿಲ್ಮಿನವು, ಕಾಗದದ ಕಾಟ ಇಲ್ಲ. ಪಾರ್ಕಿಂಗ್‌ಗೆ ಕೊಟ್ಟದ್ದು ಅದರ ಬೆಲೆಗಿಂತ ಹೆಚ್ಚು.

ದಾರಿಯುದ್ದಕ್ಕೂ ಮಾವ ಕಂಪನಿಯ ಪುರಾಣ ಹೇಳಿದರು. ಆ್ಯಡಮ್ ಆಸ್ಬೋರ್ನ್ 1939ರಲ್ಲಿ ಬ್ಯಾಂಕಾಕ್‌ನಲ್ಲಿ ಹುಟ್ಟಿದರೂ ಬೆಳೆದದ್ದು ತಿರುವಣ್ಣಾಮಲೈಯಲ್ಲಿ, ರಮಣ ಮಹರ್ಷಿಗಳ ನೆರಳಲ್ಲಿ. ಅಪ್ಪ ಆರ್ಥರ್ ಆಸ್ಬೋರ್ನ್ ರಮಣರ ಬಗ್ಗೆ ಪುಸ್ತಕ ಬರೆದವರು. ಮಗ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ, ಮೈಕ್ರೋಪ್ರೊಸೆಸರ್ ಪುಸ್ತಕಗಳನ್ನು ಬರೆದು ಹೆಸರು ಮಾಡಿ, ಕಡೆಗೆ ಕಂಪ್ಯೂಟರ್ ಮಾರಲಿಳಿದರು. ಸಾಕೆನಿಸುವಷ್ಟು ಇದ್ದರೆ ಸಾಕು, ಮಿಕ್ಕಿದ್ದು ಬೇಡ ಎಂಬುದು ಆತನ ವ್ಯಾಪಾರ ಸೂತ್ರ. ಆಶ್ರಮದಲ್ಲಿ ಕಲಿತದ್ದಿರಬೇಕು ಎಂಬುದು ಮಾವನ ವಾದ. ಐದಿಂಚಿನ ಪರದೆಗೆ ನನಗೂ ಬೇರೆ ವಿವರಣೆ ತೋಚುವುದಿಲ್ಲ. ಯಂತ್ರದ ಜೊತೆಗೆ ಬರೆಯಲು ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್ ಎಲ್ಲವನ್ನೂ ಅದೇ ಬೆಲೆಯಲ್ಲಿ ಕೊಟ್ಟದ್ದರಿಂದ ಜನ ಮುಗಿಬಿದ್ದು ಕೊಂಡರು. ಆಮೇಲೆ ಹೊಸ ಮಾದರಿ ಬರಲಿದೆ ಎಂದು ಮೊದಲೇ ಸಾರಿದ್ದರಿಂದ ಹಳೆಯದನ್ನು ಕೊಳ್ಳುವವರಿಲ್ಲದೆ ಕಂಪನಿ ಮುಳುಗಿತು ಎಂಬ ಮಾತು ಜನಜನಿತ. ಕಾರಣ ಅದೊಂದೇ ಅಲ್ಲವೆನ್ನುವವರೂ ಇದ್ದಾರೆ. ಏನೇ ಇರಲಿ, 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ಆ್ಯಡಮ್ ಕೊನೆಗಾಲಕ್ಕೆ ಕೊಡೈಕೆನಾಲಿಗೆ ಮರಳಿ, 2003ರಲ್ಲಿ ಅಲ್ಲೇ ತೀರಿಕೊಂಡರು.

ಪವರ್ ಸಪ್ಲೈ ಸರಿಯಾಯಿತು. ಉಳಿದದ್ದು ಫ್ಲಾಪಿ. ಡ್ರೈವಿನ ಹೆಡ್ಡು ಜರುಗುವ ಸರಳಿನ ಗ್ರೀಸು ಗಟ್ಟಿಯಾಗಿ ಹೆಡ್ಡು ಇದ್ದಲ್ಲೇ ‘ಟಕ್ ಟಕ್’ ಎನ್ನುತ್ತಿತ್ತು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗೆದು, ಒಂದೇ ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟೆ. ಆಟೋದವರು ಪೂರ್ತಿ ತಪ್ಪಿರಲಿಲ್ಲ.

ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಹಾಗೇ ಹಾಕಿದರೆ ಬೂಷ್ಟು ಕೆರೆದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಡಿಸ್ಕಿನ ಲೇಪವೂ ಕಿತ್ತುಬರುತ್ತದೆ. ಕವಚದ ಒಂದು ಅಂಚು ಸೀಳಿ, ಒಳಗಿನ ತೆಳು ತಟ್ಟೆಯನ್ನು ಹೊರತೆಗೆದು, ತೆಳು ಸೋಪಿನ ನೀರಲ್ಲಿ ಬೆರಳ ತುದಿಯಿಂದ ಸವರಿ, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ನೆರಳಲ್ಲಿ ಆರಿಸಿ, ಶುಭ್ರವಾದ ಬೇರೊಂದು ಕವಚಕ್ಕೆ ತೂರಿಸಬೇಕು. ಬಾಣಂತನದಂಥ ಮಾವನ ಆರೈಕೆಯಲ್ಲಿ ಊಟದ ಮೇಜಿನ ತುಂಬ ಡಿಸ್ಕುಗಳು ಹರಡಿಕೊಂಡವು. ನಾವೆಲ್ಲ ನೆಲದ ಮೇಲೆ ಕೂತು ಉಂಡೆವು.

ಬಹಳಷ್ಟು ಡಿಸ್ಕುಗಳು ‘ಬಿಡಾಸ್ ಎರರ್ ಆನ್ ಎ: ಬ್ಯಾಡ್ ಸೆಕ್ಟರ್’ ಎಂದವು. ಆ ಕಾಲದ ಸಿಪಿ/ಎಂ ವ್ಯವಸ್ಥೆ ಹೀಗೆಂದಾಗ ಕಂಟ್ರೋಲ್-ಸಿ ಒತ್ತಿದರೆ ಕೆಲಸ ನಿಲ್ಲುತ್ತದೆ. ರಿಟರ್ನ್ ಒತ್ತಿದರೆ, ಕೆಟ್ಟಿದ್ದರೆ ಕೆಟ್ಟಿರಲಿ ಎಂದು ಮುಂದುವರಿಯುತ್ತದೆ. ನಮ್ಮ ಮಾವ ರಿಟರ್ನ್ ಪಂಗಡದವರು. ಒತ್ತುತ್ತ ಹೋದರು. ಒಂದು ಡಿಸ್ಕು ಬೂಟ್ ಆಯಿತು! ವರ್ಡ್‌ಸ್ಟಾರ್ ಎದ್ದಿತು. ವರ್ಡ್‌ಸ್ಟಾರ್‌ನಲ್ಲಿ ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಎಡಕ್ಕೆ, ಡಿ ಒತ್ತಿದರೆ ಬಲಕ್ಕೆ ಎಂಬುದನ್ನು ಕಂಪ್ಯೂಟರ್ ಕ್ಲಾಸಿಗೆ ಫೀಸು ಕಟ್ಟಿದ ನಮ್ಮ ತಲೆಮಾರು ಮರೆತಿಲ್ಲ. ಎಸ್ ಕೀಲಿ ಸತ್ತಿತ್ತು. ಬಲಕ್ಕೆ ಹೋಗಬಹುದು, ಎಡಕ್ಕೆ ಬರುವಂತಿಲ್ಲ. ರಾಜಕೀಯ ಬೇಡ, ಕೀಲಿ ಬಿಚ್ಚಿ ಒರೆಸಿದ ಮೇಲೆ ಸರಿಹೋಯಿತು.

ಕೊನೆಗೆ ತೆರೆದದ್ದು ಸೂಪರ್‌ಕ್ಯಾಲ್ಕಿನ ಫೈಲು, 1984ರ ಮನೆಲೆಕ್ಕ. ಪರದೆಯಲ್ಲಿ ಒಂದು ಸಾಲಿಗೆ 52 ಅಕ್ಷರವಷ್ಟೇ ಕಾಣುವುದು. ಉಳಿದದ್ದನ್ನು ಬಾಣದ ಕೀಲಿಯಿಂದ ಸರಿಸಿ ಸರಿಸಿ ನೋಡಬೇಕು. ಮಾವ ಸರಿಸಿದರು. ಬಾಡಿಗೆ, ಹಾಲು, ಫೋನು, ಊರಿಗೆ ಕಳಿಸಿದ್ದು. ಇನ್ನಷ್ಟು ಸರಿಸಿದರು. ‘ಭಾವ, ಸ್ಕೂಟರ್, 4000’. ಅದರ ಮುಂದಿನ ಕಲಂ ‘ವಾಪಸು’. ಅದು ಖಾಲಿ.

ಯಂತ್ರವನ್ನು ಗುಜರಿಗೆ ಹಾಕಲು ಅಪ್ಪ ಮೊದಲ ದಿನದಿಂದಲೂ ಯಾಕೆ ತಹತಹಿಸುತ್ತಿದ್ದರು ಎಂಬುದು ಆಗ ಹೊಳೆಯಿತು. ತಿರುಗಿ ನೋಡಿದರೆ ಅವರು ಪೇಪರನ್ನು ಇನ್ನಷ್ಟು ಮೇಲೆ ಹಿಡಿದಿದ್ದರು. ಮಾವ ಮಾತಾಡಲಿಲ್ಲ. ಪಕ್ಕದ ಖಾನೆಗೆ ಹೋಗಿ ಶೇಕಡ 8ರ ಚಕ್ರಬಡ್ಡಿ, 1984ರಿಂದ 2024, 40 ವರ್ಷ ಎಂದು ಸೂತ್ರ ತುಂಬಿ ರಿಟರ್ನ್ ಒತ್ತಿದರು. ಅಟ್ಟದಿಂದಿಳಿದ ಯಂತ್ರ 86,898 ಎಂದು ಹೇಳಿತು. ನಾನು ಮೊಬೈಲಿನಲ್ಲಿ ತಾಳೆ ನೋಡಿದೆ, ಸರಿಯಾಗಿತ್ತು.

“ರಿಪೇರಿ ಆದ ಮೇಲೆ ಏನು ಮಾಡುತ್ತೆ ಅಂತ ಕೇಳಿದ್ದೆಯಲ್ಲ” ಎಂದೆ ಹೆಂಡತಿಗೆ.

“ಆ ಸ್ಕೂಟರು ಎಂದೋ ಹೋಯ್ತಲ್ಲ ಮಾರಾಯ” ಎಂದರು ಅಪ್ಪ, ಪೇಪರಿನ ಹಿಂದಿನಿಂದ. ಮಾತುಕತೆ ಇನ್ನೂ ನಡೆಯುತ್ತಿದೆ. ಬಡ್ಡಿ ಬಿಟ್ಟು ಅಸಲಿಗೆ ಇಳಿಯುವ ಲಕ್ಷಣ ಮಾವನಲ್ಲಿ ಕಾಣುತ್ತಿಲ್ಲ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಪ್ಲಗ್ಗಿಗೆ ಸಿಕ್ಕಿಸುವ ಮೊದಲು, ಹಿರಿಯರು ಏನೇ ಹೇಳಲಿ, ಆ ಹಳದಿ ಕಂಡೆನ್ಸರ್ ತೆಗೆಸಿ. ಫ್ಲಾಪಿಯನ್ನು ಮಾತ್ರ ಬಂಧುಗಳೆಲ್ಲ ಊರಿಗೆ ಹೋದ ಮೇಲೆ ಓದಿಸಿ.