ಹಾಸ್ಯನಟರಾಗಿ ಬಹುಕಾಲ ಬಾಳುವುದು ಹೇಗೆ: ಬಳಕೆದಾರರ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ. ಈ ಕೈಪಿಡಿ ಕನ್ನಡ ರಂಗಭೂಮಿ, ಚಿತ್ರರಂಗಗಳಲ್ಲಿ ನಗಿಸಿಯೇ ಹೊಟ್ಟೆ ಹೊರೆಯಬೇಕೆಂದು ಹಟ ಹಿಡಿದವರಿಗೆ. ಮದುವೆ ಮನೆಯಲ್ಲಿ ಮಾತ್ರ ನಗಿಸುವವರಿಗೆ ಇದು ಅನ್ವಯಿಸುವುದಿಲ್ಲ.

ಬೇಕಾಗುವ ಸಾಮಾನು: ಒಂದು ಕೊರತೆ. ಉಬ್ಬು ಹಲ್ಲು, ಗಿಡ್ಡ ಮೈ, ಯಾವುದಾದರೂ ಆದೀತು. ಏನೂ ಕೊರತೆ ಇಲ್ಲದವರು ದಯವಿಟ್ಟು ನಾಯಕನ ಸಾಲಿನಲ್ಲಿ ನಿಲ್ಲಿ. ತಿಪಟೂರಿನ ನರಸಿಂಹರಾಜು ತಮ್ಮ ಹಲ್ಲನ್ನು ಮುಚ್ಚಿಕೊಳ್ಳಲಿಲ್ಲ. ಹುಣಸೂರಿನ ದ್ವಾರಕೀಶ್ ತಮ್ಮ ಎತ್ತರವನ್ನೇ ಬಿರುದು ಮಾಡಿಕೊಂಡರು. 1978ರಲ್ಲಿ ಅದನ್ನು ಚಿತ್ರದ ಹೆಸರಿಗೇ ಅಂಟಿಸಿ 'ಸಿಂಗಾಪೂರ್‌ನಲ್ಲಿ ರಾಜಾಕುಳ್ಳ' ಎಂದು ಕಡಲಾಚೆಗೂ ಒಯ್ದರು. ಎಚ್ಚರಿಕೆ: ಕೊರತೆಯನ್ನು ರಿಪೇರಿ ಮಾಡಿಸಿದರೆ ವಾರಂಟಿ ರದ್ದು.

ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ, ಅಂದರೆ ನಮ್ಮ ಬಾಲಣ್ಣ, ತಂದ ಕೊರತೆ ಎಲ್ಲಕ್ಕಿಂತ ದುಬಾರಿಯದು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾಸ್ಯ ನಿಂತಿರುವುದೇ ಎದುರಿನವರ ಮಾತು ಮುಗಿಯುವ ಗಳಿಗೆಯ ಮೇಲೆ. ತುಸು ಮುಂಚೆ ಬಾಯಿ ಹಾಕಿದರೆ ಅವರ ಮಾತು ಹಾಳು, ತಡವಾದರೆ ನಿಮ್ಮದು ಹಾಳು. ಬಾಲಣ್ಣ ತುಟಿ ನೋಡುತ್ತಿದ್ದರು. ತುಟಿ ನಿಂತಿತೋ, ಇವರ ಮಾತು ಹೊರಟಿತು. ಹೀಗೆಯೇ ಐನೂರಕ್ಕೂ ಹೆಚ್ಚು ಚಿತ್ರ. ಎರಡು ಕಿವಿಯೂ ನೆಟ್ಟಗಿದ್ದು ಸಹನಟರ ಮಾತನ್ನು ಒಮ್ಮೆಯೂ ಕೇಳಿಸಿಕೊಳ್ಳದವರ ಪಟ್ಟಿ ಇಲ್ಲಿ ಕೊಡುವುದಿಲ್ಲ.

ಜೋಡಣೆ: ಎಳವೆಯಲ್ಲೇ ನಾಟಕ ಕಂಪನಿ ಸೇರಿ. ನರಸಿಂಹರಾಜು ಬಣ್ಣ ಹಚ್ಚಿದ್ದು ನಾಲ್ಕರ ವಯಸ್ಸಿಗೆ ಎನ್ನುತ್ತಾರೆ. ಕಂಪನಿಯಲ್ಲಿ ಹಾಸ್ಯಗಾರನಿಗೆ ನಗಿಸುವುದರ ಜೊತೆಗೆ ಇನ್ನೊಂದು ಕೆಲಸ ಉಂಟು, ಅದನ್ನು ಯಾವ ನಾಟಕದ ಪುಸ್ತಕದಲ್ಲೂ ಬರೆದಿರುವುದಿಲ್ಲ. ಹಿಂದುಗಡೆ ಅರಮನೆ ತೆಗೆದು ಸ್ಮಶಾನ ನಿಲ್ಲಿಸುವ ತನಕ ಮುಂದಿನ ಪರದೆಯೆದುರು ನಿಂತು ಹೊತ್ತು ಕಳೆಯುವುದು. ಪರದೆಯಾಚೆ ಸುತ್ತಿಗೆ ಏಟು, ಸಿಂಹಾಸನ ಎಳೆಯುವ ಸದ್ದು. ವಿಶ್ವಾಮಿತ್ರನ ಗಡ್ಡ ಇನ್ನೂ ಸಿಕ್ಕಿಲ್ಲವೆಂದು ಪಕ್ಕದಿಂದ ಯಾರದೋ ಕೈಸನ್ನೆ. ನಿಮ್ಮ ಹತ್ತಿರ ಇರುವುದು ಐದು ನಿಮಿಷದ ಮಾತು, ಬೇಕಾಗಿರುವುದು ಹದಿನೈದು. ಹಾರ್ಮೋನಿಯಂ ಮಾಸ್ತರರ ಕಾಲೆಳೆಯಿರಿ. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಶಾನುಭೋಗರನ್ನು ಎಬ್ಬಿಸಿ ಮಾತಿಗೆ ಸಿಕ್ಕಿಸಿ. ಗಡ್ಡ ಸಿಕ್ಕ ಕೂಡಲೇ ಒಂದು ಮಾತಿನಲ್ಲಿ ಮುಗಿಸಿ ಹೊರಡಿ. ಇದನ್ನು ಕಲಿತವರು ಮುಂದೆ ಕ್ಯಾಮೆರಾಗೆ ಹೆದರಲಿಲ್ಲ.

ಚಾಲನೆ: 1954ರ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರ್ ನಾಯಕರಾಗಿ ಹೊರಟರು, ನರಸಿಂಹರಾಜು ಹಾಸ್ಯನಟರಾಗಿ. ಮೊದಲು ನರಸಿಂಹರಾಜು ಕಾಲ್‌ಶೀಟು, ಆಮೇಲೆ ಮಿಕ್ಕವರದು ಎಂದು ನಿರ್ಮಾಪಕರು ಓಡಾಡುತ್ತಿದ್ದ ಕಾಲವೂ ಇತ್ತಂತೆ. ಪೋಸ್ಟರಿನಲ್ಲಿ ಮಾತ್ರ ಮುಖ ಮೂಲೆಯಲ್ಲೇ. ಈ ಲೆಕ್ಕ ಕೇಳಲು ಹೋಗಬೇಡಿ. 'ಸತ್ಯ ಹರಿಶ್ಚಂದ್ರ'ದಲ್ಲಿ ನಕ್ಷತ್ರಿಕನಾಗಿ ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಹತ್ತಿದವರಿಗೂ ಆ ಬಾಕಿ ವಸೂಲಾಗಲಿಲ್ಲ. 1979ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಅರವತ್ತಾಗಿರಲಿಲ್ಲ.

ನಿರ್ವಹಣೆ: ನಗೆಯನ್ನು ದಿನಾ ಹೊಸದು ಮಾಡಿ. ಮಾಸ್ಟರ್ ಹಿರಣ್ಣಯ್ಯ ತಾವೇ ಬರೆದ 'ಲಂಚಾವತಾರ'ವನ್ನು ಜೀವಮಾನವಿಡೀ ಆಡಿದರು, ಸಾವಿರಾರು ಸಲ. ಬೆಳಗಿನ ಪೇಪರಿನಲ್ಲಿದ್ದ ಮಂತ್ರಿ ರಾತ್ರಿ ಅವರ ರಂಗದ ಮೇಲೆ ಇರುತ್ತಿದ್ದ. ನಾಟಕ ಹಳತಾಗಲಿಲ್ಲ, ಏಕೆಂದರೆ ಲಂಚ ಹಳತಾಗಲಿಲ್ಲ.

ಉಪಕರಣ ನಿಂತುಹೋದರೆ: ಯಾರೂ ಕರೆಯುತ್ತಿಲ್ಲವೆಂದು ಗಾಬರಿಯಾಗಬೇಡಿ. ಎಂ.ಎಸ್. ಉಮೇಶ್ ಹುಡುಗನಾಗಿದ್ದಾಗ, 1960ರ 'ಮಕ್ಕಳ ರಾಜ್ಯ'ದಲ್ಲಿ ಮುಖ್ಯ ಪಾತ್ರ ಮಾಡಿದರು. ಹುಡುಗ ಬೆಳೆದ, ಕರೆ ನಿಂತಿತು. ಮತ್ತೆ ನಾಟಕ. ಪುಟ್ಟಣ್ಣ ಕಣಗಾಲ್ 'ಕಥಾಸಂಗಮ'ಕ್ಕೆ ಕರೆಯುವ ಹೊತ್ತಿಗೆ ಒಂದೂವರೆ ದಶಕ ಕಳೆದಿತ್ತು. 'ಗೋಲ್‌ಮಾಲ್ ರಾಧಾಕೃಷ್ಣ' ಬಂದದ್ದು 1990ರಲ್ಲಿ. ಅಲ್ಲಿನ ಸೀತಾಪತಿಯನ್ನು ಕಂಡ ಜನ ಕೊನೆಗೂ ಅವರ ಹೆಸರು ಕೇಳಿಕೊಂಡರು.

ಅತಿ ಮುಖ್ಯ ಎಚ್ಚರಿಕೆ: ದುಡಿದ ದುಡ್ಡನ್ನು ಸಿನಿಮಾಕ್ಕೇ ಹಾಕಬೇಡಿ. ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೂ ಯಾರೂ ಪಾಲಿಸಿಲ್ಲ. ಮೈಸೂರಿನಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ಬಿಟ್ಟು ಬಂದ ದ್ವಾರಕೀಶ್ 1969ರಲ್ಲಿ 'ಮೇಯರ್ ಮುತ್ತಣ್ಣ' ಮಾಡಿ ಗೆದ್ದರು, ಆಮೇಲೆ ಸೋತರು, ಮತ್ತೆ ಮಾಡಿ ಮತ್ತೆ ಸೋತರು, 2004ರಲ್ಲಿ 'ಆಪ್ತಮಿತ್ರ'ದಿಂದ ಎದ್ದು ಕುಳಿತರು. ರಾಜಕುಮಾರ್, ಜಿ.ವಿ. ಅಯ್ಯರ್ ಅವರ ಜೊತೆ ನರಸಿಂಹರಾಜು, ಬಾಲಣ್ಣ ಇಬ್ಬರೂ ಸೇರಿ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಆ ದಿನಗಳಲ್ಲಿ ಬಾಲಣ್ಣನಿಗೆ ನಮ್ಮ ನೆಲದಲ್ಲೇ ಒಂದು ಸ್ಟುಡಿಯೋ ಬೇಕೆನ್ನಿಸಿತು. ಕೆಂಗೇರಿ ಬಳಿ ಸರ್ಕಾರದಿಂದ ಜಮೀನು ಪಡೆದು, ದುಡಿದದ್ದನ್ನೆಲ್ಲ ಸುರಿದು, 'ಅಭಿಮಾನ್' ಎಂದು ಹೆಸರಿಟ್ಟರು. ನಾನು ಕಂಡಂತೆ ಕನ್ನಡದ ಹಾಸ್ಯನಟನೊಬ್ಬ ಮಾಡಿದ ಅತ್ಯಂತ ಗಂಭೀರ ಕೆಲಸ ಅದೇ. ಸಾಲದ ಚಿಂತೆ ಅವರನ್ನು ಬಿಡಲಿಲ್ಲ. ಬಾಲಣ್ಣ 1995ರಲ್ಲಿ ತೀರಿಕೊಂಡರು. 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಆ ಸ್ಟುಡಿಯೋದಲ್ಲೇ ನಡೆಯಿತು. ಈಗ ಪತ್ರಿಕೆಗಳಲ್ಲಿ ಅಭಿಮಾನ್ ಸ್ಟುಡಿಯೋದ ಹೆಸರು ಬರುವುದು ಆ ನಾಯಕನಟನ ಸಮಾಧಿಯ ವಿಚಾರಕ್ಕೆ.