ಮೇಲರ್ಧ ರಾಜ್ಯದ್ದು, ಕೆಳಗರ್ಧ ರೈಲ್ವೆಯದ್ದು

(ರಾಜ್ಯದ ಯಾವುದೋ ಒಂದು ಜಂಕ್ಷನ್. ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಕಂಡಿ. ರಾತ್ರಿ ಹತ್ತೂವರೆ. ರೈಲ್ವೆ ಪೊಲೀಸ್ ಹೊರಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಹನುಮಂತಯ್ಯ ಒಬ್ಬರೇ. ಎದುರಿನ ಬೆಂಚಿನಲ್ಲಿ ನಿವೃತ್ತ ಖಜಾನೆ ನೌಕರ ರಾಮರಾಯರು ಪೇಪರ್ ಹಿಡಿದಿದ್ದಾರೆ. ಕಂಬಕ್ಕೆ ಒರಗಿ ಕೂಲಿ ಸಿದ್ದಣ್ಣ. ಗದಗಿನ ಕಡೆಯ ಗಂಗವ್ವ ಏದುಸಿರು ಬಿಡುತ್ತ ಬರುತ್ತಾಳೆ.)

ಗಂಗವ್ವ: ಸಾಹೇಬ್ರ, ನನ್ನ ಚೀಲ ಹೋತ್ರೀ! ಇಳಕಲ್ ಸೀರಿ, ಫೋನು, ಒಂದು ಗಂಟು ಜ್ವಾಳದ ರೊಟ್ಟಿ, ಎಲ್ಲಾ ಹೋತು!

ಹನುಮಂತಯ್ಯ: ಎಲ್ಲಿ ಹೋಯ್ತಮ್ಮ?

ಗಂಗವ್ವ: ಎಲ್ಲಿ ಹೋತಂತ ಗೊತ್ತಿದ್ರ ನಾನ ಹಿಡಕೊಂಡ ಬರ್ತಿದ್ನೆಲ್ರೀ.

ಹನುಮಂತಯ್ಯ: ಅಲ್ಲಮ್ಮ, ಜಾಗ ಕೇಳಿದ್ದು. ಕಂಡಿಯಿಂದ ಆಚೆ ಹೋಗಿದ್ರೆ ಬಸ್ ಸ್ಟ್ಯಾಂಡು, ಟೌನ್ ಠಾಣೆ ಸರಹದ್ದು. ಈಚೆ ಹೋಗಿದ್ರೆ ನಮ್ಮದು.

ಗಂಗವ್ವ: ಕಂಡ್ಯಾಗ ಹೋತ್ರೀ. ಒಂದ ಕಾಲು ಆ ಕಡೆ, ಒಂದ ಕಾಲು ಈ ಕಡೆ ಇತ್ತು.

ಹನುಮಂತಯ್ಯ: ಚೀಲ ಯಾವ ಕೈಯಲ್ಲಿತ್ತು?

ಗಂಗವ್ವ: ತಲೀ ಮ್ಯಾಲಿತ್ತು.

ಸಿದ್ದಣ್ಣ: ಹಂಗಾದ್ರೆ ಇದು ಆಕಾಶದ ಸರಹದ್ದು ಸಾರ್. ಏರ್‌ಪೋರ್ಟಿನವರಿಗೆ ಕಳಿಸಿಬಿಡಿ.

ಗಂಗವ್ವ: ಕಳಿಸೂದು ಸಾಕು ಮಾಡ್ರಿ. ಬಾಜೂಕ ಇನ್ನೊಬ್ರು ಪೊಲೀಸ್ರು ಕುಂತಾರಲ್ಲ, ಅವರೂ ಇಲ್ಲಿಗೇ ಕಳಿಸಿದ್ರು.

ಹನುಮಂತಯ್ಯ: ಅವರು ಆರ್‌ಪಿಎಫ್, ಕೇಂದ್ರದವರು. 1957ರ ಕಾಯ್ದೆಯಲ್ಲಿ ಬಂದವರು. ರೈಲ್ವೆ ಸ್ವತ್ತು ಕಾಯೋದು ಮೂಲ ಕೆಲಸ. ಪ್ರಯಾಣಿಕರನ್ನ ಕಾಯೋದು ಆಮೇಲಿನ ತಿದ್ದುಪಡಿಯಲ್ಲಿ ಸೇರಿದ್ದು. ನಾವು ಜಿಆರ್‌ಪಿ, ರಾಜ್ಯದವರು. ಕಳ್ಳತನದ ಕೇಸು ಬರೆಯೋದು ನಾವೇ. ನಿಮ್ಮ ಚೀಲದ ಬದಲು ರೈಲಿನ ಫ್ಯಾನು ಕಳವಾಗಿದ್ರೆ, 1966ರ ಇನ್ನೊಂದು ಕಾಯ್ದೆ ಪ್ರಕಾರ ಅವರೇ ಹಿಡಿದು ಅವರೇ ವಿಚಾರಣೆ ಮಾಡ್ತಿದ್ರು.

ಗಂಗವ್ವ: ಫ್ಯಾನಿಗಾದ್ರ ಅಲ್ಲೇ ನ್ಯಾಯ, ನನಗಾದ್ರ ಅಡ್ಡಾಟ! ಇರ್ಲಿ, ನೀವಾದ್ರೂ ನಾಕ ಮಂದೀನ ಕಳಿಸ್ರಿ, ಕಳ್ಳ ಇನ್ನೂ ದೂರ ಹೋಗಿಲ್ಲ.

ಹನುಮಂತಯ್ಯ: ಬೋರ್ಡಿನ ಪ್ರಕಾರ ನಾವು ಆರು ಜನ. ಮಂತ್ರಿಗಳ ಬಂದೋಬಸ್ತಿಗೆ ಇಬ್ಬರು ಹೋಗಿದ್ದಾರೆ. ಒಬ್ಬ ಕೋರ್ಟಿಗೆ, ಒಬ್ಬ ಟ್ರೈನಿಂಗಿಗೆ. ಒಬ್ಬರು ರಿಟೈರಾದ್ರು, ಆ ಜಾಗ ತುಂಬಿಲ್ಲ. ಉಳಿದೋನು ನಿಮ್ಮ ಮುಂದೆ ಕೂತಿದ್ದಾನೆ.

ರಾಮರಾಯರು: (ಪೇಪರ್ ಮಡಚಿ) ತುಂಬದ ಜಾಗ ಅಂತ ಹಗುರ ಮಾಡಬೇಡಿ. ಖಾಲಿ ಹುದ್ದೆಗೆ ಸಂಬಳ ಇಲ್ಲ, ರಜೆ ಇಲ್ಲ, ಪಿಂಚಣಿ ಇಲ್ಲ, ಮಾಮೂಲೂ ಇಲ್ಲ. ಇದಕ್ಕಿಂತ ಶಿಸ್ತಿನ ಪೊಲೀಸ್ ಇಡೀ ದೇಶದಲ್ಲಿ ಸಿಗಲ್ಲ.

ಸಿದ್ದಣ್ಣ: ರಾಯರು ಖಜಾನೆಯಲ್ಲಿದ್ದೋರು ಕಣವ್ವ. ಬರೋದಕ್ಕಿಂತ ಬರದೇ ಇರೋದೇ ಅವರಿಗೆ ಇಷ್ಟ.

ರಾಮರಾಯರು: ನಗಬೇಡಯ್ಯ. ಪೊಲೀಸ್ ಬಜೆಟ್ ಕಡಿತ ಅಂತ ಘೋಷಣೆ ಮಾಡಿದ್ರೆ ವಿಧಾನಸೌಧದಲ್ಲಿ ಗದ್ದಲ ಎದ್ದುಬಿಡುತ್ತೆ. ಹುದ್ದೆ ಮಂಜೂರು ಮಾಡಿ, ತುಂಬದೆ ಬಿಟ್ಟರೆ? ಕಡಿತವೂ ಆಯ್ತು, ಕತ್ತರಿಯೂ ಕಾಣಲಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಸುಮಾರು 197 ಪೊಲೀಸರು ಮಂಜೂರು. ಕೆಲಸಕ್ಕೆ ಇರೋರು ಸುಮಾರು 155. ನಡುವಿನವರೆಲ್ಲ ಕಡತದಲ್ಲಿ ಡ್ಯೂಟಿ ಮಾಡ್ತಿದ್ದಾರೆ.

ಗಂಗವ್ವ: ನನ್ನ ಚೀಲ ಕಾಯಾಕ ಬರಬೇಕಾದಾಂವನೂ ಕಡತದಾಗ ಅದಾನೇನು?

ರಾಮರಾಯರು: ಇರಬಹುದು. ಅದರಲ್ಲೂ ಹನುಮಂತಯ್ಯನವರದ್ದು ವಿಶೇಷ ಲೆಕ್ಕ. ಸಂವಿಧಾನದಲ್ಲಿ ರೈಲ್ವೆ ಪೊಲೀಸು ರಾಜ್ಯದ ಪಟ್ಟಿಗೆ ಸೇರಿದ್ದು. ಆದರೆ ಖರ್ಚಿನಲ್ಲಿ ಅರ್ಧ ರಾಜ್ಯದ್ದು, ಅರ್ಧ ರೈಲ್ವೆಯದ್ದು.

ಸಿದ್ದಣ್ಣ: ಹಂಗಾದ್ರೆ ಸಾರ್ ಮೇಲರ್ಧ ರಾಜ್ಯದ್ದು, ಕೆಳಗರ್ಧ ರೈಲ್ವೆಯದ್ದು!

ಹನುಮಂತಯ್ಯ: ತಮಾಷೆ ಅಲ್ಲ ಕಣೋ. ಒಂದು ಹುದ್ದೆ ಜಾಸ್ತಿ ಬೇಕು ಅಂದ್ರೆ ರಾಜ್ಯದ ಹಣಕಾಸು ಇಲಾಖೆ ಒಪ್ಪಬೇಕು, ತನ್ನ ಅರ್ಧ ಕೊಡೋಕೆ ರೈಲ್ವೆಯೂ ಒಪ್ಪಬೇಕು. ಇವರು ಅವರ ಪತ್ರ ಕಾಯ್ತಾರೆ, ಅವರು ಇವರ ಪತ್ರ ಕಾಯ್ತಾರೆ. ಎರಡೂ ಪತ್ರಗಳನ್ನ ಕಾಯ್ತಾ ನಾನು ಪ್ಲಾಟ್‌ಫಾರಂ ಕಾಯ್ತೀನಿ.

(ದ್ವಾರದ ಮೆಟಲ್ ಡಿಟೆಕ್ಟರ್ ಕೀಂಯ್ ಎನ್ನುತ್ತದೆ. ಜನ ನಡೆದು ಹೋಗುತ್ತಾರೆ. ಮತ್ತೆ ಕೀಂಯ್. ಯಾರೂ ತಿರುಗಿ ನೋಡುವುದಿಲ್ಲ.)

ಗಂಗವ್ವ: ಅದ್ಯಾಕ ಹಂಗ ಒದರತೈತಿ?

ಸಿದ್ದಣ್ಣ: ಕಬ್ಬಿಣ ಕಂಡ್ರೆ ಕೂಗೋದು ಅದರ ಕೆಲಸ ಕಣವ್ವ. ಕೂಗಿದ್ದನ್ನ ಕೇಳಿ ಎದ್ದು ಬರೋದು ಇನ್ನೊಬ್ಬರ ಕೆಲಸ. ಆ ಇನ್ನೊಬ್ಬರೇ ರಿಟೈರಾದೋರು.

ರಾಮರಾಯರು: ಕಾಲ ಬದಲಾಗಿದೆಯಮ್ಮ, ಈಗ ಕ್ಯಾಮೆರಾ ಯುಗ. 74,000 ರೈಲು ಬೋಗಿಗಳಿಗೆ ಕ್ಯಾಮೆರಾ ಹಾಕ್ತೀವಿ ಅಂತ 2025ರಲ್ಲಿ ರೈಲ್ವೆಯವರೇ ಹೇಳಿದ್ದಾರೆ. ಈ ಕಂಡಿಯ ಮೇಲೂ ಒಂದು ಇದೆ, ನೋಡಿ. ಕ್ಯಾಮೆರಾ ನಿದ್ದೆ ಮಾಡಲ್ಲ, ಟೀ ಕುಡಿಯಲ್ಲ.

ಗಂಗವ್ವ: ಹಂಗಾರ ಕಳ್ಳನ ಮಾರಿ ಅದರಾಗ ಬಂದಿರತೈತಿ. ತೋರಿಸ್ರಿ.

ಹನುಮಂತಯ್ಯ: ಬಂದಿರುತ್ತೆ. ಆದ್ರೆ ಅದನ್ನ ಕೂತು ನೋಡೋರು ಬೇಕಲ್ಲ. ನಾನು ಸ್ಕ್ರೀನ್ ಮುಂದೆ ಕೂತರೆ ಪ್ಲಾಟ್‌ಫಾರಂ ನೋಡೋರಿಲ್ಲ. ಪ್ಲಾಟ್‌ಫಾರಂಗೆ ಹೋದ್ರೆ ಸ್ಕ್ರೀನ್ ನೋಡೋರಿಲ್ಲ.

ರಾಮರಾಯರು: ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಬ್ರಿಟನ್ನಿನಲ್ಲಿ ರೈಲಿಗೇ ಅಂತ ಬೇರೆ ಪೊಲೀಸ್ ಪಡೆ ಇದೆ. ದುಡ್ಡು ಕೊಡೋರು ಬಹುಪಾಲು ರೈಲು ಕಂಪನಿಗಳು. ಅಲ್ಲೂ ಕೈ ಬಿಗಿಯಾಯ್ತು. ಸ್ಟೇಷನ್ನಿನ ಹೊರಗೆ ಸೈಕಲ್ಲನ್ನ ಎರಡು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸಿದ್ದು, ಅದು ಕಳವಾದ್ರೆ ತನಿಖೆ ಮಾಡಲ್ಲ ಅಂದುಬಿಟ್ರು, 2025ರಲ್ಲೇ.

ಸಿದ್ದಣ್ಣ: ಸ್ಟೇಷನ್ನಲ್ಲಿ ಸೈಕಲ್ ಬಿಡೋರು ಆಫೀಸಿಗೆ ಹೋಗೋರು ಸಾರ್. ಎರಡು ಗಂಟೆಯೊಳಗೆ ಕೆಲಸ ಮುಗಿಸಿ ಬರೋ ಆಫೀಸು ಯಾವುದು?

ಗಂಗವ್ವ: ಕಳ್ಳಗ ಬೇಸಿ ಆತು. ಕೀಲಿ ಮುರಿಯೂಕಿಂತ ಮೊದಲ ಗಡಿಯಾರ ನೋಡಿದ್ರ ಸಾಕು.

ಹನುಮಂತಯ್ಯ: ಯಾಕಂತೆ ಎರಡೇ ಗಂಟೆ?

ರಾಮರಾಯರು: ಅದಕ್ಕಿಂತ ಉದ್ದದ ಕ್ಯಾಮೆರಾ ಚಿತ್ರ ಕೂತು ನೋಡೋಕೆ ಸಿಬ್ಬಂದಿಯ ಸಮಯ ಸಾಲದಂತೆ.

(ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ರಾಮರಾಯರು ತಮ್ಮ ಮಾತು ತಮಗೇ ಕೇಳಿಸಿದವರಂತೆ ಕೆಮ್ಮುತ್ತಾರೆ.)

ಗಂಗವ್ವ: ಅಂದ್ರ ಅಲ್ಲೂ ಕ್ಯಾಮೆರಾ ಐತಿ, ನೋಡಾವ್ರಿಲ್ಲ. ಕಾಯೋ ನಾಯಿ ಬಿಟ್ಟು, ಮನೀ ತುಂಬ ಕನ್ನಡಿ ತೂಗ ಹಾಕಿದಂಗಾತು. ಕಳ್ಳ ಬಂದು ತಲಿ ಬಾಚಿಕೊಂಡ ಹೋಗ್ತಾನ.

ಹನುಮಂತಯ್ಯ: ಅಮ್ಮಾ, ನಾಯಿ ಅಂದ್ರಾ?

ಗಂಗವ್ವ: ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಾಯಿಗೆ ಯಜಮಾನ ಒಬ್ಬಾಂವ, ಹೊತ್ತಿಗೆ ಸರಿಯಾಗಿ ಅನ್ನ ಹಾಕ್ತಾನ. ನಿಮಗ ಇಬ್ರು ಯಜಮಾನ್ರು; ಅಂವ ಹಾಕ್ಯಾನಂತ ಇಂವ, ಇಂವ ಹಾಕ್ಯಾನಂತ ಅಂವ. ಅದಿರ್ಲಿ, ಎಲ್ಲಿ ಕೂಡಲಿ? ಕಾಲು ಸೋತಾವು.

ಹನುಮಂತಯ್ಯ: ಈ ಕುರ್ಚಿ ತಗೊಳ್ಳಿ. ಹುಷಾರು, ಮೂರು ಕಾಲಿನ ಮೇಲೆ ಭಾರ ಹಾಕಿ. ನಾಲ್ಕನೇದಕ್ಕೆ ಅನುದಾನ ಕೇಳಿದ್ದೀವಿ.

ಸಿದ್ದಣ್ಣ: ಪ್ಲಾಸ್ಟಿಕ್ ಕುರ್ಚಿ ಅಂತ ಸಸಾರ ಮಾಡಬೇಡಿ ಸಾರ್. 2008ರ ನವೆಂಬರ್ 26ರ ರಾತ್ರಿ ಮುಂಬೈ ಸಿಎಸ್‌ಟಿ ಸ್ಟೇಷನ್ನಿಗೆ ಉಗ್ರ ಕಸಬ್ ಕಡೆಯವರು ನುಗ್ಗಿದಾಗ ಅಲ್ಲಿ ಏನಿತ್ತು? ಅವರ ಕೈಯಲ್ಲಿ ಎಕೆ-47. ನಮ್ಮವರಲ್ಲಿ ಎಷ್ಟೋ ಜನಕ್ಕೆ ಲಾಠಿ, ಕೆಲವರಿಗೆ ಮಹಾಯುದ್ಧದ ಕಾಲದ .303 ಬಂದೂಕು. ಆರ್‌ಪಿಎಫ್‌ನ ಜಿಲ್ಲು ಯಾದವ್ ಕೈಗೆ ಸಿಕ್ಕ ಪ್ಲಾಸ್ಟಿಕ್ ಕುರ್ಚಿಯನ್ನೇ ಎತ್ತಿ ಎಸೆದ್ರು.

ಗಂಗವ್ವ: ಯಪ್ಪಾ! ಕುರ್ಚೀನಾ?

ಹನುಮಂತಯ್ಯ: ಹೌದಮ್ಮ. ಮೈಕಿನಲ್ಲಿ ರೈಲು ಕೂಗೋ ವಿಷ್ಣು ಝೆಂಡೆ ಅಂತ ಒಬ್ಬರು, ಓಡಿಹೋಗಿ ಬಚ್ಚಿಟ್ಟುಕೊಳ್ಳದೆ, ಜನರಿಗೆ ಯಾವ ಕಡೆಯಿಂದ ಹೊರಗೆ ಹೋಗಬೇಕು ಅಂತ ಕೂಗ್ತಾನೇ ಇದ್ರು. ಅವತ್ತು ಜೀವ ಉಳಿಸಿದ್ದು ಮನುಷ್ಯರು. ಐವತ್ತಕ್ಕೂ ಹೆಚ್ಚು ಜನ ಆ ಸ್ಟೇಷನ್ನಿನಲ್ಲೇ ಸತ್ತರು. ಆಮೇಲೆ ದುಡ್ಡು ಬಂತು, ಬಂದೂಕು ಬಂತು, ಮೂಟೆ ಮೂಟೆ ಮರಳೂ ಬಂತು.

ಗಂಗವ್ವ: ನಮ್ಮ ದೇಶದಾಗ ಅನುದಾನಕ್ಕ ಅರ್ಜಿ ಬರಿಯೂದು ಹೆಣಾನ ಏನು?

(ರಾಮರಾಯರು ಉತ್ತರ ಹೇಳದೆ ಕನ್ನಡಕ ಒರೆಸುತ್ತಾರೆ.)

ಗಂಗವ್ವ: ಸಾಹೇಬ್ರ, ಈಗ ಬರಕೊಳ್ರಿ. ನನ್ನ ಮಗಳು ಲಾ ಓದಾಕತ್ಯಾಳ. ಜೀರೋ ಎಫ್‌ಐಆರ್ ಬರೀರಿ.

ಹನುಮಂತಯ್ಯ: (ಬೆಚ್ಚಿ) ಅದು ನಿಮಗೆ ಹೆಂಗೆ ಗೊತ್ತು?

ಗಂಗವ್ವ: 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, 173ನೇ ಕಲಂ. ಅಪರಾಧ ಯಾವ ಸರಹದ್ದಿನಾಗ ಆಗಿದ್ರೂ ನಾವು ಹೋದ ಠಾಣೆಯವ್ರು ಬರಕೋಬೇಕು, ಆಮ್ಯಾಲ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಕಂಡೀನೂ ನಡೀತೈತಿ, ಆಕಾಶಾನೂ ನಡೀತೈತಿ.

ಹನುಮಂತಯ್ಯ: ಒಪ್ಪಿದೆನಮ್ಮ. ದೂರು ಈಗಲೇ ತಗೊಳ್ತೀನಿ, ಮುಖ್ಯ ಠಾಣೆಯಲ್ಲಿ ನೋಂದಾಯಿಸಿ ಪ್ರತಿ ಕೊಡಿಸ್ತೀನಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆದ್ರೆ ಈಗ ಎಕ್ಸ್‌ಪ್ರೆಸ್ ಬರುತ್ತೆ, ನಾನು ಇಲ್ಲಿ ಬರೀತಾ ಕೂತರೆ ಅಲ್ಲಿ ಇನ್ನೂ ಎರಡು ಚೀಲ ಹೋಗುತ್ತೆ.

ರಾಮರಾಯರು: (ಎದ್ದು) ಕಾಗದ ಇಲ್ಲಿ ಕೊಡಿ. ಅವರು ಹೇಳಿದ್ದನ್ನ ನಾನು ಬರೀತೀನಿ, ನೀವು ಬಂದು ಓದಿ ರುಜು ಹಾಕಿಸಿಕೊಳ್ಳಿ. ಮೂವತ್ತು ವರ್ಷ ಉಳಿತಾಯದ ಕಾಲಂ ಮಾತ್ರ ಕೂಡಿದ್ದೀನಿ. ಈ ನಷ್ಟಕ್ಕೆ ಖಜಾನೆಯಲ್ಲಿ ಕಾಲಮ್ಮೇ ಇರಲಿಲ್ಲ.

ಸಿದ್ದಣ್ಣ: ಪ್ಲಾಟ್‌ಫಾರಂ ನಾನು ನೋಡ್ತೀನಿ ಸಾರ್. ಸಂಬಳ ಅರ್ಧ-ಅರ್ಧ ಬೇಡ, ಒಂದೇ ಕಡೆಯಿಂದ ಒಂದು ಟೀ ಸಾಕು.

ಹನುಮಂತಯ್ಯ: ನೋಡಿದ್ರಾ ಅಮ್ಮ? ರಿಟೈರಾದೋರು ಗುಮಾಸ್ತಿಕೆ, ಕೂಲಿಯವನು ಗಸ್ತು. ಇದೇ ನಮ್ಮ ಇಲಾಖೆಯ ಹೊಸ ನೇಮಕಾತಿ.

ಗಂಗವ್ವ: (ಓದುಗರ ಕಡೆ ತಿರುಗಿ) ನೀವೂ ಕೇಳ್ರಿ. ರೈಲಿನಾಗ ಏನರ ಆದ್ರ 139, ಜೀವಕ್ಕ ಕುತ್ತು ಬಂದ್ರ 112. ಸರಹದ್ದು ಅಂತ ಅಡ್ಡಾಡಿಸಿದ್ರ ಜೀರೋ ಎಫ್‌ಐಆರ್ ಅನ್ರಿ. ಇಷ್ಟು ನಿಮ್ಮ ಕೈಯಾಗಿಂದು. ಇನ್ನ ನಿಮ್ಮ ಊರ ಸ್ಟೇಷನ್ನಿಗೆ ಬಣ್ಣ ಬಳದು, ಉದ್ಘಾಟನಾಕ್ಕ ಎಮ್ಮೆಲ್ಲೆ, ಎಂಪಿ ಬಂದಾಗ ಕ್ಯಾಮೆರಾ ಎಷ್ಟು ಅಂತ ಕೇಳಬ್ಯಾಡ್ರಿ. ಅದನ್ನ ಅವರ ಹೇಳ್ತಾರ. ರಾತ್ರಿ ಹತ್ತರ ಮ್ಯಾಲ ಇಲ್ಲಿ ಎಷ್ಟು ಮಂದಿ ಪೊಲೀಸ್ರು ಇರ್ತಾರ, ಅದನ್ನ ಕೇಳ್ರಿ. ಉತ್ತರ ಬರೂತನಕ ಹಾರ ಹಾಕಬ್ಯಾಡ್ರಿ.